ಮರಿಗೆ ಮೊದಲು ಕಾವು, ಆಮೇಲೆ ಹಾಲು

ಅಟ್ಟದಲ್ಲಿ ಬೆಕ್ಕಿನ ಮರಿಯ ಕೂಗು ಕೇಳಿದರೆ ಮಕ್ಕಳು ಹಾಲಿನ ಬಟ್ಟಲು ಹಿಡಿದು ಓಡುತ್ತಾರೆ. ಆ ಅಕ್ಕರೆಯೇ ಮರಿಯ ಪ್ರಾಣಕ್ಕೆ ಎರವಾದೀತು! ತುಸು ತಾಳಿ. ತಾಯಿ ಬೇಟೆಗೆ ಹೋಗಿರಬಹುದು. ದೂರ ನಿಂತು ಒಂದೆರಡು ಗಂಟೆ ನೋಡಿ. ಬಾರದಿದ್ದರೆ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮರಿಯಿರುವ ರಟ್ಟಿನ ಪೆಟ್ಟಿಗೆಯ ಒಂದು ಬದಿಗಿಡಿ. ಮೈ ತಣ್ಣಗಿರುವಾಗ ಕುಡಿಸಿದ ಹಾಲು ಅರಗದು.

ಹಸುವಿನ ಹಾಲಿನಿಂದ ಭೇದಿಯಾಗುತ್ತದೆ. ಪಶುವೈದ್ಯರನ್ನು ಕೇಳಿ ಬೆಕ್ಕಿನ ಮರಿಗೆಂದೇ ಇರುವ ಹಾಲಿನ ಪುಡಿ ತನ್ನಿ. ಕಣ್ಣು ಬಿಡದ ಮರಿಗೆ ಹಗಲೂ ರಾತ್ರಿ 2-3 ಗಂಟೆಗೊಮ್ಮೆ, ಹೊಟ್ಟೆ ಕೆಳಗಾಗಿ ಹಿಡಿದು ಕುಡಿಸಿ. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶ ಸೇರೀತು. ಬಳಿಕ ಬೆಚ್ಚನೆಯ ಒದ್ದೆ ಹತ್ತಿಯಿಂದ ಬಾಲದಡಿ ಒರೆಸಿ. ತಾಯಿ ನೆಕ್ಕದೆ ಎಳೆಮರಿ ಮಲಮೂತ್ರ ವಿಸರ್ಜಿಸಲಾರದು.

ಪರೀಕ್ಷೆ ಹತ್ತಿರವಿದ್ದರೆ ರಾತ್ರಿಯ ಪಾಳಿ ಅಪ್ಪ-ಅಮ್ಮನದು!