ಪಾತ್ರ ಅವರದು, ಪ್ರಾಣ ನಮ್ಮ ಮಕ್ಕಳದು

ಗಜೇಂದ್ರಗಡದ ನನ್ನ ತಂಗಿಯ ಮನೆಗೆ ಹೋದಾಗಲೆಲ್ಲ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಗಿಂತ ಪಡಸಾಲೆಯ ಗದ್ದಲವೇ ಜಾಸ್ತಿ. ಆ ಭಾನುವಾರ ರೋಣದಿಂದ ಬಂದ ನಾದಿನಿಯ ಮಕ್ಕಳು, ನರಗುಂದದಿಂದ ಬಂದ ಅಣ್ಣನ ಮಗಳು, ತಂಗಿಯ ಹದಿನೇಳು ವರ್ಷದ ಮಗ ಎಲ್ಲರೂ ಸೇರಿದ್ದರು. ಚರ್ಚೆಯ ವಿಷಯ ಓದು ಅಲ್ಲ, ಪರೀಕ್ಷೆಯೂ ಅಲ್ಲ. ನಟ ಯಶ್ ಅವರ ಯಾವ ಪಾತ್ರ ಚೆನ್ನ ಎಂಬುದು!

"ರಾಕಿ ಭಾಯ್ ಮುಂದ ಯಾವದೂ ಇಲ್ಲ" ಎಂದ ತಂಗಿಯ ಮಗ.

"ನನಗ ಕಿರಾತಕನ ಛಲೋ. ನಮ್ಮ ಓಣ್ಯಾಗಿನ ಹುಡುಗನಂಗ ಕಾಣ್ತಾನ" ಎಂದ ರೋಣದ ಹುಡುಗ.

ಒಲೆಯ ಮುಂದಿದ್ದ ತಂಗಿಗೆ ಸಿಟ್ಟು ಬಂತು. "ಇಪ್ಪತ್ನಾಲ್ಕು ತಾಸೂ ಅದೇ ಸುದ್ದಿ. ಸಿನೆಮಾದವ್ರು ನಿಮಗ ಊಟಕ್ಕ ಹಾಕ್ತಾರೇನು?" ಎಂದು ಗದರಿದಳು. ಮಕ್ಕಳು ಬಾಯಿ ಮುಚ್ಚಿಕೊಂಡರು. ಐದು ನಿಮಿಷದ ಬಳಿಕ ಅದೇ ಮಾತು ಪಿಸುಗುಟ್ಟುವಿಕೆಯಾಗಿ ಹಿತ್ತಲಿಗೆ ಹೋಯಿತು. ಬಟ್ಟೆ ತೆಗೆಯಲು ಹೋದ ನನ್ನ ಕಿವಿಗೆ ಒಂದು ಮಾತು ಬಿತ್ತು. "ಎಂಟನೇ ತಾರೀಖಿಗೆ ಹುಟ್ಟುಹಬ್ಬ ಐತಿ. ಚಂದಾ ಕೂಡೇತಿ. ರಾತ್ರಿನ ಕಟೌಟ್ ನಿಲ್ಲಿಸಿಬಿಡೂಣು."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ಉಳಿಯಿತು. ಸೂರಣಗಿ ನೆನಪಾಯಿತು.

ಸೂರಣಗಿಯ ಆ ರಾತ್ರಿ

ಸೂರಣಗಿ ದೂರದ ಊರಲ್ಲ. ನಮ್ಮದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಹಳ್ಳಿ. 2024ರ ಜನವರಿ 8 ಯಶ್ ಅವರ ಹುಟ್ಟುಹಬ್ಬ. ಅದರ ಹಿಂದಿನ ರಾತ್ರಿ ಊರಿನ ಹುಡುಗರು ಸುಮಾರು 25 ಅಡಿ ಎತ್ತರದ ಕಟೌಟ್ ನಿಲ್ಲಿಸಲು ಹೊರಟರು. ಅದು ವಿದ್ಯುತ್ ತಂತಿಗೆ ತಾಗಿತು. ಮೂವರು ಯುವಕರು ಪ್ರಾಣ ಬಿಟ್ಟರು. ಮೂವರಿಗೂ ಸುಮಾರು ಇಪ್ಪತ್ತರ ವಯಸ್ಸು. ಇನ್ನೂ ಮೂವರು ಗಾಯಗೊಂಡರು.

ಆ ಸಂಜೆ ಯಶ್ ಸೂರಣಗಿಗೆ ಬಂದರು. ಮೃತರ ಮನೆಗಳಿಗೆ ಹೋಗಿ ಹೆತ್ತವರನ್ನು ಕಂಡರು. ಇಂತಹ ಘಟನೆಗಳಿಂದ ಹುಟ್ಟುಹಬ್ಬವೆಂದರೆ ತನಗೇ ಭಯವಾಗುತ್ತದೆ, ಕಟೌಟ್, ಬ್ಯಾನರ್ ಕಟ್ಟಬೇಡಿ, ಇದ್ದಲ್ಲಿಂದಲೇ ಮನಸಾರೆ ಹಾರೈಸಿದರೆ ಸಾಕು ಎಂಬರ್ಥದ ಮಾತುಗಳನ್ನಾಡಿದರು. ಯಾರಿಗಾಗಿ ಕಟೌಟ್ ಎದ್ದಿತೋ ಅವರಿಗೇ ಅದು ಬೇಡವಾಗಿತ್ತು. ಆದರೆ ಆ ಮಾತು ಕೇಳಲು ಆ ಮೂವರು ಇರಲಿಲ್ಲ. ಸಹೋದರಿಯರೇ, ಆ ಮನೆಗಳ ತಾಯಂದಿರು ಆ ರಾತ್ರಿ ಮಕ್ಕಳಿಗೆ ಊಟ ಬಡಿಸಿರಬಹುದು. "ಬೇಗ ಬಾ" ಎಂದೂ ಹೇಳಿರಬಹುದು. ಮಗ ಎಲ್ಲಿಗೆ, ಯಾವ ಕೆಲಸಕ್ಕೆ ಹೊರಟಿದ್ದಾನೆಂದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿರುತ್ತದೆ?

ಗದರಿಕೆಯಿಂದ ಮಾತು ನಿಲ್ಲುವುದಿಲ್ಲ

ನಾನು ಬಟ್ಟೆ ಬದಿಗಿಟ್ಟು ಮಕ್ಕಳ ನಡುವೆ ಹೋಗಿ ಕುಳಿತೆ. ಕಟೌಟಿನ ಸುದ್ದಿ ಎತ್ತಲಿಲ್ಲ. "ನನಗೂ ಹೇಳ್ರಿ, ಯಾವ ಯಾವ ಪಾತ್ರ ಮಾಡ್ಯಾರ?" ಎಂದೆ. ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಮಾತು ಹರಿಯಿತು.

ಯಶ್ ಬಂದದ್ದು ಕಿರುತೆರೆಯಿಂದ. ತಂದೆ ಸಾರಿಗೆ ಸಂಸ್ಥೆಯ ಬಸ್ ಚಾಲಕರು. 2008ರ 'ಮೊಗ್ಗಿನ ಮನಸು' ಕಾಲೇಜು ಹುಡುಗಿಯರ ಮನಸ್ಸಿನ ತಳಮಳದ ಕಥೆ. ಅದರಲ್ಲಿ ಅವರದು ಪೋಷಕ ಪಾತ್ರ. 2011ರ 'ಕಿರಾತಕ'ದಲ್ಲಿ ಕೆಲಸವಿಲ್ಲದೆ ತುಂಟಾಟ ಮಾಡಿಕೊಂಡು ತಿರುಗುವ ಹಳ್ಳಿ ಹುಡುಗ. 2013ರ 'ಗೂಗ್ಲಿ'ಯಲ್ಲಿ ಸಂಶಯಕ್ಕೆ ಬಿದ್ದು ಪ್ರೀತಿಸಿದವಳನ್ನು ದೂರ ಮಾಡಿಕೊಳ್ಳುವ ಯುವಕ. ಅದೇ ವರ್ಷದ 'ರಾಜಾಹುಲಿ'ಯಲ್ಲಿ ನಂಬಿದ ಗೆಳೆಯರಿಂದಲೇ ಮೋಸ ಹೋಗುವವನು. 2018ರ ಡಿಸೆಂಬರ್ 21ರಂದು 'ಕೆ.ಜಿ.ಎಫ್.' ಮೊದಲ ಭಾಗ, 2022ರ ಏಪ್ರಿಲ್ 14ರಂದು ಎರಡನೆಯ ಭಾಗ ಬಂದು ಅವರ ಹೆಸರು ಕರ್ನಾಟಕದ ಗಡಿ ದಾಟಿತು.

"ರಾಕಿ ಅವ್ವನ ಮಾತಿಗಾಗಿ ಎಲ್ಲಾ ಮಾಡ್ತಾನ, ಖಾಲಾ" ಎಂದ ತಂಗಿಯ ಮಗ. ಅವನ ಕಣ್ಣಲ್ಲಿ ಹೊಳಪಿತ್ತು. ನನಗೆ ಒಂದು ವಿಷಯ ಅರ್ಥವಾಯಿತು. ಈ ಹುಡುಗನನ್ನು ಹಿಡಿದಿಟ್ಟದ್ದು ಹೊಡೆದಾಟ ಮಾತ್ರವಲ್ಲ, ಬಡತನದಲ್ಲಿ ಸತ್ತ ತಾಯಿಗೆ ಕೊಟ್ಟ ಮಾತು. ನಮ್ಮ ಮಕ್ಕಳ ಮೆಚ್ಚುಗೆಯ ಒಳಗೆ ಇಂತಹ ಒಳ್ಳೆಯ ಎಳೆಯೂ ಇರುತ್ತದೆ. ಒಟ್ಟಾರೆ ಗದರಿಬಿಟ್ಟರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

"ಕಡೀಗೆ ಏನಾತು? ಆ ಬಂಗಾರ ಅವನ ಜೋಡಿನ ಸಮುದ್ರಕ್ಕ ಹೋತಲ್ಲ?" ಎಂದಳು ನರಗುಂದದ ಹುಡುಗಿ. ಅಷ್ಟಕ್ಕೇ ಬಿಡಲಿಲ್ಲ. "ಮತ್ತ ಒಲ್ಲೆ ಅಂದಾಕೀನ ಎತ್ತಿಕೊಂಡು ಹೋಗಿ ತನ್ನ ಕಡೆ ಇಟ್ಕೊಳ್ಳೂದು ಪ್ರೀತಿ ಹೆಂಗ ಆಗತೈತಿ? ನಮ್ಮ ಅಕ್ಕಗ ಹಂಗ ಮಾಡಿದ್ರ ಸೀಟಿ ಹೊಡೀತೀರೇನು?"

ಪಡಸಾಲೆ ಸ್ತಬ್ಧವಾಯಿತು. ಯಾವ ಉಪದೇಶವೂ ಮಾಡಲಾಗದ ಕೆಲಸವನ್ನು ಆ ಹುಡುಗಿಯ ಒಂದು ಪ್ರಶ್ನೆ ಮಾಡಿತ್ತು. ಸ್ವಲ್ಪ ಹೊತ್ತಿನ ಬಳಿಕ ತಂಗಿಯ ಮಗನೇ, "ಅದೊಂದು ಸರಿ ಇಲ್ಲ ಬಿಡು" ಎಂದ.

ಅಭಿಮಾನಿಯೇ ನಾಯಕನಾದ ಕಥೆ

ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ನಾನಿ ಬಾಯಿ ತೆರೆದರು. "ರಾಮಾಚಾರಿ ಅಂದ್ರ ನಮ್ಮ ಕಾಲದಾಗ ವಿಷ್ಣುವರ್ಧನ್!" ಮಕ್ಕಳೆಲ್ಲ ಬೆರಗಾಗಿ ಅವರತ್ತ ತಿರುಗಿದರು.

2014ರ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ'ಯಲ್ಲಿ ಯಶ್ ಮಾಡಿದ್ದು ಒಬ್ಬ ಅಭಿಮಾನಿಯ ಪಾತ್ರ. ವಿಷ್ಣುವರ್ಧನ್ ಅವರ ಚಿತ್ರವನ್ನು ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡ, ಅವರಂತೆಯೇ ಮುಂಗೋಪಿಯಾದ ಯುವಕ. ಅವನು ಮೆಚ್ಚಿದ ಮೂಲ ರಾಮಾಚಾರಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' ಚಿತ್ರದವನು. ತ.ರಾ.ಸು. ಅವರ ಕಾದಂಬರಿಗಳ ಆಧಾರದಲ್ಲಿ ಚಿತ್ರದುರ್ಗದ ಹಿನ್ನೆಲೆಯಲ್ಲಿ ತೆಗೆದ ಚಿತ್ರ.

"ಆ ರಾಮಾಚಾರಿ ಸಿಟ್ಟಿನಿಂದ ಏನು ಗಳಿಸಿದ? ಜೀವಕ್ಕ ಜೀವ ಕೊಡೂ ಮಾಸ್ತರನ್ನ ಕಳಕೊಂಡ, ಕಡೀಗೆ ತಾನೂ ಉಳೀಲಿಲ್ಲ. ನಾವೆಲ್ಲ ಅತ್ತು ಬಂದ್ವಿ. ಆದ್ರ ಅವನಂಗ ಆಗಬೇಕಂತ ಯಾರಿಗೂ ಅನಸಲಿಲ್ಲ" ಎಂದರು ನಾನಿ.

ಪಾತ್ರವನ್ನು ಮೆಚ್ಚುವುದು ಒಂದು, ಪಾತ್ರವೇ ಆಗಹೊರಡುವುದು ಇನ್ನೊಂದು. ನಾನಿಗೆ ಗೊತ್ತಿದ್ದ ಈ ವ್ಯತ್ಯಾಸ ಮಕ್ಕಳಿಗೆ ತಾನಾಗಿ ಬರುವುದಿಲ್ಲ. 2022ರ ಮೇ ತಿಂಗಳಲ್ಲಿ ಹೈದರಾಬಾದಿನ 15 ವರ್ಷದ ಬಾಲಕನೊಬ್ಬ ರಾಕಿಯನ್ನು ಅನುಕರಿಸಿ ಒಂದು ಪ್ಯಾಕ್ ಸಿಗರೇಟು ಸೇದಿ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತೆರೆಯ ಮೇಲೆ ಹೊಗೆ ಬಿಡುವವನಿಗೆ ಕ್ಯಾಮರಾ ನಿಂತ ಮೇಲೆ ಬೇರೆಯೇ ಬದುಕಿದೆ. ಹುಡುಗನಿಗೆ ಇರುವುದು ತನ್ನ ಎರಡು ಶ್ವಾಸಕೋಶ ಮಾತ್ರ. ಕೋಲಾರದ ನಿಜವಾದ ಚಿನ್ನದ ಗಣಿಯೂ ಹಾಗೆಯೇ. ಅದನ್ನು ಕಟ್ಟಿದವರು ಭೂಮಿಯ ಆಳದಲ್ಲಿ ದುಡಿದ ಸಾವಿರಾರು ಕೂಲಿ ಕಾರ್ಮಿಕರು. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿತು. ಅಲ್ಲಿ ರಾಕಿ ಇರಲಿಲ್ಲ.

ತೆರೆಯಾಚೆಯ ಕೆಲಸ

ಹಾಗಾದರೆ ಅಭಿಮಾನವೇ ತಪ್ಪೇ? ಅಲ್ಲ. ಅದು ಎತ್ತ ಹರಿಯುತ್ತದೆ ಎಂಬುದೇ ಪ್ರಶ್ನೆ.

ಗಜೇಂದ್ರಗಡದ ಪಕ್ಕದಲ್ಲೇ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕು. ಅಲ್ಲಿನ ತಲ್ಲೂರು ಕೆರೆಯ ಹೂಳೆತ್ತುವ ಕೆಲಸವನ್ನು 2017ರಲ್ಲಿ ಯಶ್ ಮತ್ತು ಪತ್ನಿ ರಾಧಿಕಾ ಪಂಡಿತ್ ತಮ್ಮ 'ಯಶೋಮಾರ್ಗ' ಸಂಸ್ಥೆಯ ಮೂಲಕ ಕೈಗೊಂಡರು. ನೀರಿಗಾಗಿ ಕೊಡ ಹಿಡಿದು ಕಾಯುವ ಕಷ್ಟ ಈ ಭಾಗದ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಬಳಿಕ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಕೆರೆಯ ಹೂಳು ತೆಗೆದ ಅಭಿಮಾನವೂ ಉಂಟು, ತಂತಿಗೆ ಕಬ್ಬಿಣದ ಚೌಕಟ್ಟು ತಾಗಿಸಿದ ಅಭಿಮಾನವೂ ಉಂಟು. ನಮ್ಮ ಮಕ್ಕಳ ಮುಂದೆ ಎರಡನ್ನೂ ಇಡಬೇಕು.

ತಾಯಂದಿರು ಏನು ಮಾಡಬಹುದು?

ಮಕ್ಕಳು ಸಿನೆಮಾದ ಮಾತಾಡುವಾಗ ಜೊತೆಗೆ ಕುಳಿತುಕೊಳ್ಳಿ. ಮನೆಯಲ್ಲಿ ಮುಚ್ಚಿದ ಮಾತು ಓಣಿಯ ಕಟ್ಟೆಯಲ್ಲಿ ತೆರೆದುಕೊಳ್ಳುತ್ತದೆ. ಆ ಪಾತ್ರದಲ್ಲಿ ಯಾವುದು ಹಿಡಿಸಿತು, ಯಾವುದು ಸರಿಯಲ್ಲ, ನಮ್ಮ ಮನೆಯಲ್ಲೇ ಹಾಗೆ ನಡೆದರೆ ಹೇಗೆ ಎಂದು ಕೇಳಿ. ಹೆಣ್ಣುಮಕ್ಕಳಿಗೂ ಮಾತಾಡಲು ಬಿಡಿ. ಅವರು ಅದೇ ಕಥೆಯನ್ನು ಬೇರೆ ಕಣ್ಣಿನಿಂದ ನೋಡಿರುತ್ತಾರೆ.

ಹುಟ್ಟುಹಬ್ಬ, ಸಿನೆಮಾ ಬಿಡುಗಡೆ, ಉತ್ಸವ, ಚುನಾವಣೆ ಬಂದಾಗ ಎಚ್ಚರವಿರಲಿ. ಕಂಬ, ಬ್ಯಾನರ್, ಕಟೌಟ್ ಯಾರದೇ ಇರಲಿ, ವಿದ್ಯುತ್ ತಂತಿಗೆ ಅದರ ಅರಿವಿಲ್ಲ. ಒದ್ದೆಯಾದ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ. ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಿಂದ ಹಿಡಿದೆಳೆಯಬಾರದು. ಮೊದಲು ವಿದ್ಯುತ್ ಕಡಿತವಾಗಬೇಕು. ಹೆಸ್ಕಾಂ ಸಹಾಯವಾಣಿ 1912 ಮನೆಯವರೆಲ್ಲರಿಗೂ ಬಾಯಿಪಾಠವಿರಲಿ.

ಆ ರಾತ್ರಿ ಊಟವಾದ ಮೇಲೆ ನಾನು ಸೂರಣಗಿಯ ವಿಷಯ ತೆಗೆದೆ. ತಂಗಿಯ ಮಗ ತಲೆ ತಗ್ಗಿಸಿ ಕೇಳಿದ. "ಕಟೌಟ್ ನಿಲ್ಲಿಸುವಾಗ ಹಗ್ಗ ಹಿಡಿಯೋರು ಯಾರು?" ಎಂದೆ. ಉತ್ತರ ಬರಲು ತಡವಾಯಿತು. "ನಾನು, ಮತ್ತ ಇಬ್ಬರು" ಎಂದ. ತಂಗಿಯ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು. ಅವಳು ಗದರಲಿಲ್ಲ, ಅಳಲೂ ಇಲ್ಲ. ಮಗನ ಪಕ್ಕದಲ್ಲಿ ಬಂದು ಕುಳಿತಳು.

ಕಟೌಟ್ ನಿಲ್ಲಲಿಲ್ಲ. ಕೊಟ್ಟವರ ಮನೆಗೇ ಹೋಗಿ ಚಂದಾ ಹಣ ಹಿಂತಿರುಗಿಸಲು ಹುಡುಗ ಬಹಳ ನಾಚಿಕೊಂಡನಂತೆ. ಕೆಲವರು ಗೇಲಿಯನ್ನೂ ಮಾಡಿದರಂತೆ. ಎಂಟನೇ ತಾರೀಖಿನ ಸಂಜೆ ತಂಗಿ ಫೋನ್ ಮಾಡಿದಳು. "ಆಪಾ, ಅಂವಾ ಮನ್ಯಾಗ ಅದಾನ. ಟಿ.ವಿ. ಮುಂದ ಕುಂತು ನನಗ ಆ ರಾಮಾಚಾರಿ ಕಥಿ ಹೇಳಾಕತ್ಯಾನ. ಇವತ್ತ ನಾನೂ ಕೇಳಾಕತ್ತೇನಿ" ಎಂದಳು.