ಬೆಲ್ ನಿಲ್ಲಿಸಬೇಡ ಅಮ್ಮ!

‘ಮಾಮ, ದಾರಿಯಲ್ಲಿ ಸುರಂಗ ಇದೆಯಾ?’

ಹಳೆಯ ರೈಲುಹಾದಿಯಲ್ಲಿ ಸೈಕಲ್ ಸವಾರಿ ಮಾಡೋಣ ಎಂದು ಅಣ್ಣ ಹೇಳಿದಾಗ ನನ್ನ ಮಗಳು ಕೇಳಿದ ಮೊದಲ ಪ್ರಶ್ನೆ ಇದು. ವಯಸ್ಸು ಹನ್ನೊಂದಾದರೂ ದೀಪ ಆರಿಸಿದರೆ ಅವಳಿಗೆ ನಿದ್ದೆ ಬಾರದು.

ದಸರಾ ರಜೆಗೆಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆವು. ಅಲ್ಲಿಂದ ಕಂಬರ್‌ಲ್ಯಾಂಡ್ ಊರಿನವರೆಗೆ ಸುಮಾರು 240 ಕಿ.ಮೀ. ಉದ್ದದ ‘ಗ್ರೇಟ್ ಅಲೆಘೆನಿ ಪ್ಯಾಸೇಜ್’ ಎಂಬ ಹಾದಿಯಿದೆ. ಓಡಾಟ ನಿಂತ ರೈಲುಮಾರ್ಗಗಳ ಹಳಿ ಕಿತ್ತು, ಜಲ್ಲಿಪುಡಿ ಹಾಸಿ, ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ಪೂರ್ತಿ ಹಾದಿ ಸಿದ್ಧವಾದದ್ದು 2013ರಲ್ಲಿ.

ರೈಲು ಕಡಿದಾದ ಏರು ಹತ್ತಲಾರದು. ನಮ್ಮ ಸಕಲೇಶಪುರ ಘಾಟಿಯಲ್ಲೂ 50 ಮೀಟರ್ ಸಾಗಿದರೆ ಒಂದು ಮೀಟರ್ ಏರು, ಅಷ್ಟೇ. ಹಾಗಾಗಿ ಇಂಥ ಹಾದಿ ಮಕ್ಕಳಿಗೂ ಸಲೀಸು. ಆದರೆ ಯಾವ ಕಡೆಯಿಂದ ಹೊರಡುತ್ತೇವೆ ಎಂಬುದು ಮುಖ್ಯ. ಕಂಬರ್‌ಲ್ಯಾಂಡ್‌ನಿಂದ ಹೊರಟರೆ 38 ಕಿ.ಮೀ. ಒಂದೇ ಸಮನೆ ಏರಬೇಕು. ನನ್ನ ಮಂಡಿ ಅದಕ್ಕೆ ಒಪ್ಪಲಿಲ್ಲ.

ಉಳಿದದ್ದು ಎರಡು ದಾರಿ. ಫ್ರಾಸ್ಟ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ಗೆ ಸುಮಾರು 25 ಕಿ.ಮೀ., ಬರೀ ಇಳಿಜಾರು, ಒಂದು ಸಣ್ಣ ಸುರಂಗ. ಇನ್ನೊಂದು, ಡೀಲ್ ಎಂಬ ಹಳ್ಳಿಯಿಂದ ಸುಮಾರು 40 ಕಿ.ಮೀ. ಆರಂಭದಲ್ಲಿ ಚೂರು ಏರು, ಆಮೇಲೆ ಇಳಿಜಾರು. ಆದರೆ ನಡುವೆ ಒಂದು ಕಿ.ಮೀ. ಉದ್ದದ ‘ಬಿಗ್ ಸ್ಯಾವೇಜ್’ ಸುರಂಗ! ಮಗಳಿಗಾಗಿ ಮೊದಲನೆಯದೇ ಸರಿ ಎಂದೆ.

‘ದೊಡ್ಡ ಸುರಂಗದ ಆಚೆ ಏನು ಕಾಣುತ್ತೆ ಮಾಮ?’

‘ಇಡೀ ಕಣಿವೆ ಪುಟ್ಟಿ.’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಹಾಗಾದರೆ ಅದೇ ದಾರಿ. ಅಮ್ಮ, ನೀನು ಹಿಂದೆ ಬೆಲ್ ಹೊಡೀತಾ ಬಾ.’

ಅಣ್ಣ ನಮ್ಮನ್ನು ಡೀಲ್‌ನಲ್ಲಿ ಇಳಿಸಿ, ಕಾರಿನಲ್ಲಿ ಕಂಬರ್‌ಲ್ಯಾಂಡ್‌ಗೆ ಹೋದ. ಹಾದಿಯ ಅತಿ ಎತ್ತರದ ಜಾಗ 729 ಮೀಟರ್. ಅಲ್ಲಿ ಒಂದು ಬದಿಗೆ ಬಿದ್ದ ಮಳೆ ಅಟ್ಲಾಂಟಿಕ್ ಸೇರಿದರೆ, ಇನ್ನೊಂದು ಬದಿಯದು ಮೆಕ್ಸಿಕೊ ಕೊಲ್ಲಿಗೆ. ಥೇಟ್ ನಮ್ಮ ಪಶ್ಚಿಮಘಟ್ಟದ ನೆತ್ತಿಯ ಹಾಗೆ!

ಅದಾದ ಮೇಲೆ ಸುರಂಗ. ಒಳಗೆ ದೀಪಗಳಿದ್ದರೂ ಮಂದ ಬೆಳಕು, ಕೊರೆಯುವ ಚಳಿ. ಬೆರಳು ಮರಗಟ್ಟಿ ನಾನು ಬೆಲ್ ನಿಲ್ಲಿಸಿದೆ.

‘ಅಮ್ಮಾ, ಬೆಲ್!’ ಮುಂದಿನಿಂದ ನಡುಗುವ ದನಿ. ಆಮೇಲೆ ಕೊನೆಯವರೆಗೂ ನಿಲ್ಲಿಸಲಿಲ್ಲ.

ಹೊರಬಂದರೆ ಕೆಂಪು, ಹಳದಿ ಎಲೆಗಳ ಬೆಟ್ಟಸಾಲು. ಮಗಳು ಸೈಕಲ್ ನಿಲ್ಲಿಸಿ ಮಾತಿಲ್ಲದೆ ನೋಡಿದಳು. ಮುಂದೆ ಸಿಕ್ಕ ಬಾರ್ಡನ್ ಸುರಂಗ ಚಿಕ್ಕದು, ಆದರೆ ಕತ್ತಲು. ಅಲ್ಲಿ ಟಾರ್ಚ್ ಹಾಕಿಕೊಂಡು, ಬೆಲ್ ಹೊಡೆಯುತ್ತಾ ಅವಳೇ ದಾರಿ ತೋರಿಸಿದಳು. ಎದೆ ಡವಗುಟ್ಟಿದ್ದು ನನಗೆ!

ನೀವೂ ಹೋಗುವುದಾದರೆ ಇಳಿಜಾರು ಯಾವ ಕಡೆಗೆ ಎಂದು ಮೊದಲು ನೋಡಿ. ಟಾರ್ಚ್, ಬೆಚ್ಚನೆ ಅಂಗಿ ಇರಲಿ. ಚಳಿಗಾಲದಲ್ಲಿ ದೊಡ್ಡ ಸುರಂಗ ಮುಚ್ಚಿರುತ್ತದೆ, ಅದನ್ನೂ ವಿಚಾರಿಸಿ. ಜೊತೆಗೆ, ದಾರಿ ಆರಿಸುವಾಗ ಮಕ್ಕಳನ್ನು ಕೇಳಿ. ಅವರ ಪರವಾಗಿ ನಾವೇ ಹೆದರುವುದು ಬೇಡ.