ಹೊಸಿಲು ದಾಟಿ ಬಂದ ದನಿ

ಬೆಳಗಿನ ಆರು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗಲೇ ಮನೆಯ ಯಜಮಾನರು ರೇಡಿಯೋವಿನ ಗುಂಡಿಯನ್ನು ತಿರುಗಿಸುತ್ತಿದ್ದರು. ಒಡನೆಯೇ ದನಿ ಹೊರಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಬಿಸಿಯಾಗಬೇಕಿತ್ತು. ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲಿನ ಆ ಪರಿಚಿತ ಸ್ವರಗುಚ್ಛ. ಶಿವರಂಜಿನಿಯ ಛಾಯೆಯಿರುವ ಆ ನಾದವನ್ನು ರಚಿಸಿದವನು ವಾಲ್ಟರ್ ಕೌಫ್‌ಮನ್, ಮಧ್ಯ ಯೂರೋಪಿನಿಂದ ಮುಂಬಯಿಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ. ಕೇಳುವವರಲ್ಲಿ ಎಷ್ಟೋ ಮಂದಿ ಅವನ ಹೆಸರನ್ನು ಅರಿಯರು. ಆದರೆ ಆ ನಾದ ಕಿವಿಗೆ ಬಿದ್ದರೆ ಬೆಳಗಾಯಿತೆಂದೇ ಅರ್ಥ.

ಕನ್ನಡನಾಡಿನ ಬಾನುಲಿಯ ಕಥೆ ಆರಂಭವಾದದ್ದು ಸರ್ಕಾರದ ಕಚೇರಿಯಲ್ಲಲ್ಲ, ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸ ‘ವಿಠ್ಠಲ ವಿಹಾರ’ದಿಂದಲೇ 30 ವ್ಯಾಟಿನ ಪುಟ್ಟ ಪ್ರೇಷಕದ ಮೂಲಕ ಪ್ರಸಾರವನ್ನು ತೊಡಗಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಅಂಕಿತವಾಯಿತು. 1950ರಲ್ಲಿ ಧಾರವಾಡದ ಕೇಂದ್ರ ಹುಟ್ಟಿತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಬಂದಿತು. ಮನೆಯಲ್ಲಿ ಹುಟ್ಟಿದ ಈ ದನಿಯ ನಿಜವಾದ ಉಪಕಾರವೂ ಮನೆಯೊಳಗಿದ್ದವರಿಗೇ ಸಂದಿತು. ಸಂಗೀತಸಭೆ, ಆಟದ ಮೈದಾನ, ನಾಟಕರಂಗ — ಈ ಮೂರಕ್ಕೂ ಹೋಗಲಾಗದಿದ್ದ ಗೃಹಿಣಿಯರು, ವೃದ್ಧರು, ರೋಗಿಗಳು ಅಂದು ಎಷ್ಟು ಮಂದಿ! ಒಂದು ದಿನದ ಮೂರು ಹೊತ್ತುಗಳಲ್ಲಿ ಬಾನುಲಿ ಈ ಮೂರನ್ನೂ ಅವರಿದ್ದಲ್ಲಿಗೇ ತಂದಿತು.

ಸೌಟು ಹಿಡಿದ ಕೈಯಲ್ಲಿ ತಾಳ

ಸಂಗೀತ ಕಚೇರಿಗಳು ನಡೆಯುವುದು ಸಾಮಾನ್ಯವಾಗಿ ಸಂಜೆಯ ಹೊತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿಯ ಚಪ್ಪರದಡಿ ದೊಡ್ಡ ವಿದ್ವಾಂಸರು ಹಾಡಲು ಕುಳಿತುಕೊಳ್ಳುವ ವೇಳೆಗೇ ಮನೆಯಾಕೆ ರಾತ್ರಿಯ ಅಡುಗೆಗೆ ಒಲೆ ಹೊತ್ತಿಸಬೇಕು. ಬಾಲ್ಯದಲ್ಲಿ ವರ್ಣದವರೆಗೆ ಪಾಠವಾಗಿ, ಮದುವೆಯೊಡನೆ ಅಭ್ಯಾಸ ನಿಂತುಹೋದ ಹೆಣ್ಣುಮಕ್ಕಳು ಪ್ರತಿ ಬೀದಿಯಲ್ಲಿಯೂ ಇದ್ದರು. ಅವರ ಕಿವಿಗೆ ಸಂಗೀತವನ್ನು ಮರಳಿ ಕೊಟ್ಟದ್ದು ರೇಡಿಯೋ. ತೊಗರಿಬೇಳೆ ಬೇಯುತ್ತಿರುವಾಗಲೇ ತೋಡಿಯ ಆಲಾಪನೆಯನ್ನು ಗುರುತಿಸಿ, ಸೌಟು ಹಿಡಿದ ಕೈಯಲ್ಲಿಯೇ ಆದಿತಾಳ ಹಾಕಿದವರುಂಟು.

ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದವರಾದರೂ ಸಾಮಾನ್ಯರೇ? ಬೆಂಗಳೂರಿನಲ್ಲಿ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು. 1952ರ ಜುಲೈಯಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದ ಮೇಲಂತೂ ಶನಿವಾರದ ರಾತ್ರಿ ಕರ್ನಾಟಕ ಸಂಗೀತದ ಮನೆಗಳಲ್ಲಿ ಹಿಂದೂಸ್ಥಾನಿ ಗಾಯನವೂ, ಹಿಂದೂಸ್ಥಾನಿಯ ಮನೆಗಳಲ್ಲಿ ಕೃತಿಗಳೂ ಕೇಳಿಬಂದವು. ಬಾನುಲಿಗೆ ತನ್ನದೇ ಆದ ಮಡಿಯೂ ಇದ್ದಿತು: 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅದರ ಸ್ಥಿರಸ್ವರಗಳಲ್ಲಿ ನಮ್ಮ ಗಮಕಗಳು ನುಡಿಯವೆಂಬುದು ಆಕ್ಷೇಪ. ಕಾಲುಹಾರ್ಮೋನಿಯಮ್ಮಿನ ಶ್ರುತಿಯಲ್ಲಿಯೇ ಬೆಳೆದ ಕಂಪನಿ ನಾಟಕದ ಗಾಯಕರಿಗೆ ಇದು ಸಣ್ಣ ಪೆಟ್ಟಲ್ಲ. ಆ ನಿಷೇಧ ಸಡಿಲಗೊಳ್ಳಲು ಮೂವತ್ತು ವರ್ಷಗಳು ಹಿಡಿದವು.

ಕಾಣದ ಮೈದಾನ

ಆಟದ ವಿಷಯದಲ್ಲಿ ಒಂದೇ ಸಂಜೆಯನ್ನು ನೆನೆದರೆ ಸಾಕು: 1971ರ ಆಗಸ್ಟ್ 23, ಸೋಮವಾರ. ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ-ಇಂಗ್ಲೆಂಡುಗಳ ಟೆಸ್ಟ್. ಅಲ್ಲಿಯ ಹಗಲು ಇಲ್ಲಿಗೆ ಸಂಜೆ, ರಾತ್ರಿ. ಕಿರುತರಂಗದ ಮೇಲೆ ತೇಲಿಬರುವ ಇಂಗ್ಲಿಷ್ ವಿವರಣೆ ಒಮ್ಮೆ ಹತ್ತಿರ ಬಂದು, ಒಮ್ಮೆ ಸಮುದ್ರದ ಅಲೆಯಂತೆ ಹಿಂದೆ ಸರಿಯುತ್ತಿತ್ತು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವ ಅಧಿಕಾರ ಹಿರಿಯ ಮಗನಿಗೆ ಮಾತ್ರ. ಉಳಿದವರು ಉಸಿರಾಡಿದರೂ ತಪ್ಪು.

ಮೊದಲ ಸರದಿಯಲ್ಲಿ ಇಂಗ್ಲೆಂಡಿಗೆ 71 ಓಟಗಳ ಮುನ್ನಡೆ. ಸೋಲು ತಪ್ಪಿದರೆ ಸಾಕೆಂಬ ಸ್ಥಿತಿಯಲ್ಲಿ ಚೆಂಡು ಮೈಸೂರಿನ ಚಂದ್ರಶೇಖರರ ಕೈಗೆ ಬಂದಿತು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ ಬಲಗೈ. ಆ ಕೈಯೇ 38 ಓಟಗಳಿಗೆ ಆರು ಮಂದಿಯನ್ನು ಉರುಳಿಸಿತು. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಆ ಕೈಯ ತಿರುವನ್ನಾಗಲಿ, ಚೆಂಡಿನ ಪುಟಿತವನ್ನಾಗಲಿ ಇಲ್ಲಿ ಯಾರೂ ಕಾಣಲಿಲ್ಲ. ಜನಸ್ತೋಮದ ಉದ್ಗಾರ ಮೊದಲು ಕೇಳುವುದು, ವಿವರಣಕಾರನ ಮಾತು ಆಮೇಲೆ. ಆ ನಡುವಣ ಅರೆಕ್ಷಣದಲ್ಲಿ ಮನೆಮಂದಿಯೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುವರು. ಮರುದಿನ ಭದ್ರಾವತಿಯ ವಿಶ್ವನಾಥರು 33 ಓಟ ಗಳಿಸಿ ಆಸರೆಯಾದರು. ಭಾರತ ನಾಲ್ಕು ವಿಕೆಟ್ಟುಗಳಿಂದ ಗೆದ್ದು, ಇಂಗ್ಲೆಂಡಿನ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಮಾಲೆಯನ್ನು ತನ್ನದಾಗಿಸಿಕೊಂಡಿತು. ಕ್ರಿಕೆಟ್ಟಿನ ನಿಯಮವನ್ನೇ ಅರಿಯದ ಅಜ್ಜಿಯರಿಗೂ ‘ನಮ್ಮ ಚಂದ್ರು’ ಮನೆಯ ಹುಡುಗನಾದನು.

ಪಿಸುಮಾತಿನ ರಂಗಭೂಮಿ

ರಾತ್ರಿಯ ಊಟದ ವೇಳೆಗೆ ನಾಟಕ. ಕಂಪನಿ ನಾಟಕದ ನಟ ಚಪ್ಪರದ ಕಟ್ಟಕಡೆಯ ಸಾಲಿಗೂ ಮುಟ್ಟುವಂತೆ ಗರ್ಜಿಸಬೇಕಿತ್ತು. ಬಾನುಲಿಯ ನಟನಿಗೆ ಅದೇ ಗರ್ಜನೆ ದೋಷ. ಧ್ವನಿಗ್ರಾಹಕದ ಮುಂದೆ ಒಂದು ನಿಟ್ಟುಸಿರೂ ದೊಡ್ಡ ಮಾತು. ತೆಂಗಿನ ಚಿಪ್ಪುಗಳನ್ನು ತಟ್ಟಿದರೆ ಕುದುರೆ ಓಡಿತು; ತಗಡನ್ನು ಅಲ್ಲಾಡಿಸಿದರೆ ಗುಡುಗಿತು. ಓದುವ ಹಾಳೆಯ ಸರಪರ ಕೇಳಿಸಿದರೆ ಮಾತ್ರ ಕಟ್ಟಿದ ಅರಮನೆಯೆಲ್ಲ ಕುಸಿದಂತೆ. 1956ರಲ್ಲಿ ಮೊದಲಾದ ರಾಷ್ಟ್ರೀಯ ನಾಟಕ ಕಾರ್ಯಕ್ರಮದಿಂದಾಗಿ ಬಂಗಾಳಿಯ ಅಥವಾ ಮರಾಠಿಯ ಕಥೆ ಕನ್ನಡದ ದನಿಯಲ್ಲಿ ನಡುಮನೆಗೆ ಬಂದಿತು. ಧಾರವಾಡದಲ್ಲಿ ಎನ್ಕೆ ಕುಲಕರ್ಣಿಯವರಂಥ ಲೇಖಕರು ಬಾನುಲಿಯ ಕೆಲಸದಲ್ಲಿಯೇ ಇದ್ದರು. ಬೆಂಗಳೂರಿನ ಎ. ಎಸ್. ಮೂರ್ತಿಯವರು ‘ಈರಣ್ಣ’ನ ಪಾತ್ರದಿಂದ ಎಷ್ಟು ಬಳಕೆಯಾದರೆಂದರೆ, ‘ಆಕಾಶವಾಣಿ ಈರಣ್ಣ’ ಎಂಬುದೇ ಅವರ ಹೆಸರಾಗಿ ಉಳಿಯಿತು.

ನಾಟಕಶಾಲೆಗೆ ಹೋಗಲು ಜೊತೆಗೊಬ್ಬರು ಬೇಕು, ಹಿರಿಯರ ಒಪ್ಪಿಗೆ ಬೇಕು, ಹಿಂದಿರುಗಲು ಗಾಡಿ ಬೇಕು. ರೇಡಿಯೋ ನಾಟಕಕ್ಕೆ ಬೇಕಾದುದು ಅರ್ಧಗಂಟೆಯ ಬಿಡುವು ಮಾತ್ರ. ಆದರೆ ಮನೆಯಾಕೆಗೆ ದುರ್ಲಭವಾದುದೂ ಅದೇ.

ಇದೇ ಬಾನುಲಿಯ ದೊಡ್ಡ ಕೊರತೆಯಾಗಿತ್ತು. ಅದು ಯಾರಿಗಾಗಿಯೂ ನಿಲ್ಲದು. ನುಡಿದದ್ದನ್ನು ಮತ್ತೆ ನುಡಿಯದು. ಇಂದು ಆ ಬವಣೆಯಿಲ್ಲ. 2016ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ರಾಗಂ’ ವಾಹಿನಿ ಬೆಂಗಳೂರಿನಿಂದ ಆರಂಭವಾಯಿತು. ಮೊಬೈಲ್ ಫೋನಿನಲ್ಲಿ ಬೇಕಾದುದನ್ನು ಬೇಕಾದಾಗ, ಬೇಕಾದಷ್ಟು ಸಲ ಕೇಳಬಹುದು. ಒಬ್ಬೊಬ್ಬರ ಕಿವಿಯಲ್ಲಿಯೂ ಒಂದೊಂದು ಬಾನುಲಿ.

ಅಂದಾದರೋ ಮನೆಗೆಲ್ಲ ಒಂದೇ. ನಾಟಕ ಕೊನೆಯ ದೃಶ್ಯಕ್ಕೆ ಬರುವ ವೇಳೆಗೇ ತಾಯಿ ಹಾಲಿಗೆ ಹೆಪ್ಪು ಹಾಕಲು ಏಳಬೇಕಾಗುತ್ತಿತ್ತು. ಕೈ ಒರೆಸಿಕೊಂಡು ಅವಳು ಹಿಂದಿರುಗುವ ಹೊತ್ತಿಗೆ ಉದ್ಘೋಷಕರು ಪಾತ್ರಧಾರಿಗಳ ಹೆಸರನ್ನು ಓದುತ್ತಿದ್ದರು. “ಕಡೆಗೆ ಅವನು ಊರಿಗೆ ಬಂದನೇನೋ?” ಎಂದು ಅವಳು ಕೇಳುವಳು. ಆಗ ಚಿಕ್ಕ ಮಗ ಎದ್ದು ನಿಂತು, ಎರಡೂ ಪಾತ್ರಗಳ ದನಿಯನ್ನು ತಾನೇ ಮಾಡಿ, ತಾಯಿಗಾಗಿ ಆ ಕೊನೆಯ ದೃಶ್ಯವನ್ನು ಮೊದಲಿನಿಂದ ಆಡಿ ತೋರಿಸುತ್ತಿದ್ದನು.